ಹೆಣ್ಣು ನೋಡಲು ಬಂದವರು ನೋಡಿದ ಸಿನಿಮಾ

ನಾನು ಮೆಚ್ಚಿದ ಆ ಸಿನಿಮಾವನ್ನು ನಮ್ಮೂರು ಆದೋನಿಯಲ್ಲಿ ಮೆಚ್ಚಿದವರು ಇನ್ನೊಬ್ಬರಿಲ್ಲ. ಆದೋನಿ ಯಾಕೆ, ಬಿಡುಗಡೆಯಾದ ಊರುಗಳಲ್ಲೂ ಅದನ್ನು ಕೇಳಿದವರಿಲ್ಲವಂತೆ. ಭೂಮಿಯಿಂದ ಎಷ್ಟೋ ವರ್ಷಗಳ ದಾರಿ ದೂರದಲ್ಲಿ, ನಕ್ಷತ್ರಗಳ ನಡುವೆ ಒಂದು ಹಡಗು. ಅದರೊಳಗೆ ಸೇರಿಕೊಂಡ ಕಣ್ಣಿಗೆ ಕಾಣದ್ದೇನೋ ಮನೆಯವರ ದನಿಯಲ್ಲಿ ಒಬ್ಬೊಬ್ಬರನ್ನೇ ಕರೆಯುತ್ತದೆ. ಓಗೊಟ್ಟು ಹೋದವರು ತಿರುಗಿ ಬರುವುದಿಲ್ಲ. ತೆಲುಗು ಡಬ್ಬಿಂಗಿನಲ್ಲಿ ಅದನ್ನು ಎಷ್ಟೋ ಸಲ ನೋಡಿದ್ದೆ, ಒಬ್ಬಳೇ. ಪಕ್ಕದಲ್ಲಿ ಕೂತು ಹೆದರಲು ಒಂದು ಜೀವ ಬೇಕೆಂಬುದಷ್ಟೇ ನನ್ನ ಆಸೆ.

ಈ ಆಸೆಯನ್ನು ಹೆಣ್ಣು ನೋಡಲು ಬಂದವರ ಮುಂದೆ ಹೇಳಿಯೇ ಎರಡು ಸಂಬಂಧ ಕೈತಪ್ಪಿದ್ದವು. ಮೂರನೆಯವರು ಆಸ್ಪರಿ ಕಡೆಯ ಜಮೀನುದಾರರು. ಅವರು ಬರುವ ದಿನ ಅವ್ವ ನನ್ನ ಬಾಯಿಗೆ ಬೀಗ ಹಾಕಿದಳು. ಅಪ್ಪನ ಬಾಯಿಗೆ ಹಾಕುವುದನ್ನು ಮರೆತಳು.

ಹುಡುಗ ಬಂದವನೇ ಎಲ್ಲರ ಚಪ್ಪಲಿಯನ್ನೂ ಜೋಡಿಸಿಟ್ಟು, ನಮ್ಮ ಅಜ್ಜಿಯ ಕಾಲು ಮುಟ್ಟಿ, ಸೋಫಾದ ತುದಿಯಲ್ಲಿ ಕೂತ. ನನಗೆ ಅಲ್ಲಿಗೇ ಹಿಡಿಸಿದ. ಅವನ ತಾಯಿ ಉಗ್ಗಾಣಿ ತಿನ್ನುತ್ತ, "ಏನೇನು ಹವ್ಯಾಸ ಐತಮ್ಮಾ ನಿನಗ?" ಎಂದು ಕೇಳಿದರು. ನಾನು ನೆಲ ನೋಡಿದೆ. ಹತ್ತಿ ವ್ಯಾಪಾರದಲ್ಲಿ ಮಾಲು ಹೊಗಳಿ ರೂಢಿಯಾದ ಅಪ್ಪನಿಗೆ ಸುಮ್ಮನಿರಲಾಗಲಿಲ್ಲ.

"ನಮ್ಮ ಹುಡುಗಿ ಸೈನ್ಸ್ ಸಿನಿಮಾ ನೋಡತಾಳ್ರಿ. ಗ್ರಹ, ರಾಕೆಟ್ಟು, ಎಲ್ಲಾ ಇರತಾವ."

"ಚಲೋ ಆತಲ್ಲ. ಹಾಕಮ್ಮಾ. ಗ್ರಹ ಜಾತಕದಾಗ ನೋಡೀವಿ, ಟೀವ್ಯಾಗೂ ನೋಡೋಣ," ಎಂದರು ಆ ತಾಯಿ.

ಹಿರಿಯರ ಮಾತು ಮೀರಬಾರದು ನೋಡಿ. ಹಾಕಿದೆ.

ಎರಡೂ ಮನೆಯವರು ಮಿರ್ಚಿ ಬಜ್ಜಿ ಹಿಡಿದು ಟೀವಿಯ ಮುಂದೆ ಕೂತರು. ನಕ್ಷತ್ರಗಳು ಬಂದಾಗ ಎಲ್ಲರೂ ತಲೆದೂಗಿದರು. ಅಪ್ಪನಂತೂ ತಾನೇ ಅವನ್ನು ಬಿತ್ತಿ ಬೆಳೆದವನ ಹಾಗೆ ಮೀಸೆ ತೀಡಿಕೊಂಡ. ಆಮೇಲೆ ಹಡಗಿನ ಕತ್ತಲೆಯಲ್ಲಿ, ಊಟಕ್ಕೆ ಬಾ ಎಂದು ಕರೆಯುವ ತಾಯಿಯ ದನಿ ಕೇಳಿತು. ಬಜ್ಜಿಗಳು ತಟ್ಟೆಗೆ ಮರಳಿದವು. ಹುಡುಗ ಎರಡೂ ಕಾಲನ್ನು ಸೋಫಾದ ಮೇಲೆ ಎಳೆದುಕೊಂಡು ದಿಂಬನ್ನು ಎದೆಗವುಚಿಕೊಂಡ.

ಹಡಗಿನಲ್ಲಿದ್ದ ಒಬ್ಬಳು ಓಗೊಟ್ಟು ಎದ್ದು ಹೋದಳು. ಅಜ್ಜಿಗೆ ಸಿಟ್ಟು ಬಂತು.

"ಒಂದೇ ಸಲಕ್ಕ ಓ ಅಂದ್ಲಲ್ಲ, ಬುದ್ಧಿಗೇಡಿ. ದೆವ್ವ ಒಂದೇ ಸಲ ಕರೀತೈತಿ, ಮನುಷ್ಯಾರು ಮೂರು ಸಲ ಕರೀತಾರ. ಇಷ್ಟು ಓದಿಸಿ ಮ್ಯಾಲೆ ಕಳಿಸ್ಯಾರ, ಇದನ್ನ ಹೇಳಿಕೊಟ್ಟಿಲ್ಲೇನು?"

"ಖರೇ ಐತ್ರಿ ಅಮ್ಮಾ," ಎಂದರು ಹುಡುಗನ ತಾಯಿ, ಕಣ್ಣು ಮುಚ್ಚಿಕೊಂಡೇ.

ಕೊನೆಗೆ ಹಡಗಿನಲ್ಲಿ ಒಬ್ಬ ಹೆಂಗಸು ಮಾತ್ರ ಉಳಿದು, ಬಾಗಿಲು ಹಾಕಿಕೊಂಡು ಕೂರುತ್ತಾಳೆ. ಅಷ್ಟು ಹೊತ್ತಿಗೆ ಹುಡುಗನ ತಾಯಿ, "ಸಾಕಮ್ಮಾ, ಬಂದ್ ಮಾಡು," ಎಂದು ಎದ್ದರು. "ಫೋನ್ ಮಾಡತೀವಿ" ಎನ್ನುವ ಮಾತೂ ಅವರ ಬಾಯಿಂದ ಬರಲಿಲ್ಲ. ಅಪ್ಪ, ಅವ್ವ ಅವರನ್ನು ಕಾರಿನವರೆಗೆ ಕಳಿಸಲು ಹೋದರು. ನಾನು ಅಜ್ಜಿಯ ಜೊತೆ ಅಡುಗೆಮನೆಯಲ್ಲಿ ನಿಂತು ಅತ್ತೆ. ಹೋದ ಎರಡು ಸಂಬಂಧಗಳಿಗೆ ಒಂದು ಹನಿಯೂ ಉದುರಿರಲಿಲ್ಲ. ಇವನು ಹೋಗುವುದು ನನಗೆ ಬೇಕಿರಲಿಲ್ಲ.

ಆಗ ಪಡಸಾಲೆಯಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು. ಅವನದೇ ದನಿ. ಓ ಎನ್ನುವಷ್ಟರಲ್ಲಿ ಅಜ್ಜಿ ಮುಂಗೈ ಹಿಡಿದಳು.

"ತಡಿ. ಇನ್ನೂ ಎರಡು ಅದಾವ."

ಎರಡನೆಯ ಸಲವೂ ಕರೆದ. ಆಮೇಲೆ ಸದ್ದಿಲ್ಲ. ಹೊರಗೆ ಕಾರಿನ ಹಾರ್ನ್ ಕೇಳಿತು. ಅಜ್ಜಿಯ ಶಾಸ್ತ್ರದಿಂದಾಗಿ, ಬಂದ ಗಂಡು ಬಾಗಿಲಿಂದಲೇ ಹೋಯಿತು ಎಂದುಕೊಂಡೆ. ಮುಂಗೈ ಬಿಡಿಸಿಕೊಳ್ಳಲು ನೋಡಿದರೆ ಮುದುಕಿಯ ಹಿಡಿತ ಉಡದ ಹಿಡಿತ.

ಮೂರನೆಯ ಸಲ ಅಡುಗೆಮನೆಯ ಬಾಗಿಲ ಹತ್ತಿರದಿಂದಲೇ ಕೇಳಿತು.

"ಓ," ಎಂದೆ, ಓಣಿಗೆಲ್ಲ ಕೇಳುವ ಹಾಗೆ. ಅಜ್ಜಿ ಕೈಬಿಟ್ಟಳು.

ಹುಡುಗ ಬಾಗಿಲಲ್ಲಿ ನಿಂತಿದ್ದ. ನಮ್ಮ ದಿಂಬು ಇನ್ನೂ ಅವನ ಕಂಕುಳಲ್ಲೇ ಇತ್ತು.

"ಆ ಕೊನೀಗೆ ಉಳಿದಾಕಿ ಮನೀಗೆ ಮುಟ್ಟತಾಳೇನ್ರಿ?"

"ಪೂರಾ ನೋಡಿದ್ರ ಗೊತ್ತಾಗತೈತ್ರಿ."

ಅವನು ಕತ್ತಲಾಗಿದ್ದ ಟೀವಿಯ ಕಡೆ ಒಮ್ಮೆ ತಿರುಗಿ ನೋಡಿದ.

"ನೋಡತೀನ್ರಿ," ಎಂದ. "ನೀವು ಬಾಜೂಕ ಕೂತ್ರ."