ಸಮುದ್ರದ ಗೆಂಡೆ

ನಮ್ಮ ಮನೆಯಲ್ಲಿ ಹೆಸರು ಹೇಳದ ಮೀನು ಹೊಸ್ತಿಲು ದಾಟುತ್ತಿರಲಿಲ್ಲ. ಹೊನ್ನಾಳಿಯ ಹೊಳೆದಂಡೆಯಲ್ಲಿ ಬಲೆ ಬೀಸಿ ಬದುಕಿದ ಮನೆತನ ನಮ್ಮದು. ಅಪ್ಪ ಬುಟ್ಟಿ ಹೊತ್ತು ಬಂದರೆ ಅವ್ವ ಬಾಗಿಲಲ್ಲೇ ನಿಂತು, "ಯಾವ ಮೀನ್ರಿ?" ಎನ್ನುತ್ತಿದ್ದಳು. ಮೀನು ಕಣ್ಣೆದುರಿಗೇ ಇದ್ದರೂ ಕೇಳುತ್ತಿದ್ದಳು. ಬಾಳೆ, ಗೆಂಡೆ, ಹಾವುಮೀನು, ಯಾವುದೋ ಅದನ್ನು ಅಪ್ಪ ಹೇಳಬೇಕು, ಆಮೇಲೆ ಈಳಿಗೆಮಣೆ ಹೊರಬರಬೇಕು. ಇದು ಶಾಸ್ತ್ರವೇನಲ್ಲ. ಬಾಣಂತಿಗೆ ಆಗುವ ಮೀನು ಜ್ವರದವರಿಗೆ ಆಗದು. ಯಾವುದು ಯಾರ ತಟ್ಟೆಗೆ ಎಂಬುದು ಹೆಸರಿನ ಮೇಲೆ ತೀರ್ಮಾನವಾಗುತ್ತಿತ್ತು. ಅಪ್ಪ ತಡವರಿಸಿದ್ದನ್ನು ನಾನು ಕಂಡಿರಲಿಲ್ಲ. ಮಳೆಗಾಲದ ಕೆಂಪು ನೀರಿನಲ್ಲಿ ಕೈಗೆ ತಾಗಿದ ಮೀನನ್ನು ಮೇಲೆತ್ತುವ ಮೊದಲೇ ಹೆಸರಿಟ್ಟು ಕರೆಯುತ್ತಿದ್ದ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಸವಳಂಗದಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ನನ್ನ ಜೊತೆಯ ಮೇಷ್ಟ್ರೊಬ್ಬರು ಕುಮಟಾ ಕಡೆಯವರು. ಅವರ ಅಣ್ಣನಿಗೆ ಸ್ವಂತ ದೋಣಿಯಿತ್ತು. ದಸರಾ ರಜೆಗೆ ಊರಿಗೆ ಬನ್ನಿ ಎಂದು ಕರೆದರು. ಹುಟ್ಟಿದಾಗಿನಿಂದ ನೀರಿನಲ್ಲೇ ಇದ್ದೂ ಸಮುದ್ರ ನೋಡದ ಅಪ್ಪನನ್ನು ಕರೆದುಕೊಂಡು ಹೋದೆ.

ಅಣ್ಣನ ದೋಣಿ ದಡ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ನನಗೆ ವಾಂತಿ ಶುರುವಾಯಿತು. ದೋಣಿಯ ಅಂಚಿಗೆ ಗದ್ದ ಊರಿ ಬಿದ್ದುಕೊಂಡೆ. "ಹೊಳೀ ದಂಡ್ಯಾಗೆ ಹುಟ್ಟಿದ ಮಗ ನೋಡ್ರಿ, ಬಿಎಸ್ಸಿ ಬ್ಯಾರೆ!" ಎಂದು ಅಪ್ಪ ದೋಣಿಯವರಿಗೆ ನನ್ನನ್ನು ತೋರಿಸಿ ನಕ್ಕ. ನನಗೆ ಮೈಯೆಲ್ಲ ಉರಿಯಿತು, ಆದರೆ ತಿರುಗಿ ಬೈಯುವಷ್ಟು ತ್ರಾಣ ಇರಲಿಲ್ಲ.

ಅಪ್ಪನ ಗಾಳಕ್ಕೆ ಆ ಮೀನು ಸಿಕ್ಕಿದ್ದು ಆಗಲೇ. ಮೊದಲೇ ಹೇಳಿಬಿಡುತ್ತೇನೆ, ಅದು ವಿಷದ ಮೀನು, ತಿಂದವರು ಉಳಿಯುವುದು ಕಷ್ಟ. ಇದು ದೋಣಿಯವನಿಗೆ, ಅಂದರೆ ಮೇಷ್ಟ್ರ ಅಣ್ಣನಿಗೆ, ಗೊತ್ತಿತ್ತು, ನಮ್ಮಿಬ್ಬರಿಗೆ ಗೊತ್ತಿರಲಿಲ್ಲ. ಮೈಮೇಲೆ ಹುರುಪೆ ಇಲ್ಲ, ಮುಂದೆ ಮನುಷ್ಯರಿಗಿದ್ದಂಥ ಹಲ್ಲು. ಹಲಗೆಯ ಮೇಲೆ ಬಿದ್ದದ್ದೇ ಹೊಟ್ಟೆ ಚೆಂಡಿನ ಹಾಗೆ ಉಬ್ಬಿತು. "ಅದು ತಿಂಬೂದಲ್ಲ ಮಾರಾಯ್ರೆ, ಬಿಸಾಡಿ" ಎಂದು ಹೇಳಿ ದೋಣಿಯವನು ತನ್ನ ಹಗ್ಗ ಎಳೆಯಲು ತಿರುಗಿದ. ಅಷ್ಟು ಹೇಳಿದರೆ ಸಾಕೆಂದುಕೊಂಡಿರಬೇಕು.

ಅಪ್ಪನಿಗೆ ಸಾಕಾಗಲಿಲ್ಲ. ನಮ್ಮೂರ ಪೇಟೆಯವರು ಹಾವುಮೀನು ಕಂಡರೆ ಮೂಗು ಮುರಿಯುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕಿಂತ ರುಚಿಯಾದ್ದು ಇನ್ನೊಂದಿಲ್ಲ. ತಿನ್ನುವುದಲ್ಲ ಎಂಬ ಮಾತನ್ನು ಅಪ್ಪ ಜೀವಮಾನವಿಡೀ ಅಂಥವರ ಬಾಯಲ್ಲೇ ಕೇಳಿದ್ದ. "ಇವರಿಗೇನು ಗೊತ್ತೈತೆ? ಹೊಟ್ಟೆ ತುಂಬ ತತ್ತಿ ಐತೆ. ಬಸುರಿ ಹುಡುಗಿಗೆ ಆಗತೈತೆ" ಎಂದು ನನ್ನ ಕಿವಿಯಲ್ಲಿ ಹೇಳಿ ಅದನ್ನು ಟವೆಲ್ಲಿನಲ್ಲಿ ಸುತ್ತಿಟ್ಟುಕೊಂಡ. ಬಸುರಿ ಹುಡುಗಿ ಎಂದರೆ ನನ್ನ ತಂಗಿ. ಜಗಳೂರು ಕಡೆ ಸೊಕ್ಕೆಗೆ ಕೊಟ್ಟಿದ್ದೆವು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು.

ಹಿಟ್ಟಿನ ಡಬ್ಬಿಯಲ್ಲಿ ಬರ್ಫ, ಹೊಟ್ಟು, ನಡುವೆ ಮೀನು. ಮರುದಿನ ನಸುಕಿಗೇ ಬಸ್ಸು ಹತ್ತಿದೆವು. ಶಿವಮೊಗ್ಗದಲ್ಲಿ ಬಸ್ಸು ಬದಲಿಸುವಾಗ ಅಪ್ಪ ಮುಚ್ಚಳ ತೆರೆದು ನೋಡಿದ. ಹೊಟ್ಟೆ ಇಳಿದುಹೋಗಿ ಚಪ್ಪಟೆಯಾಗಿತ್ತು; ಉಬ್ಬಿದ್ದು ತತ್ತಿಯಿಂದಲ್ಲ, ಬರೀ ಗಾಳಿಯಿಂದ. ನಾನೂ ನೋಡಿದೆನೆಂಬುದನ್ನು ಅಪ್ಪ ಗಮನಿಸಿದ. ಮುಚ್ಚಳ ಒತ್ತಿ ಹಾಕಿದ. ಹೊನ್ನಾಳಿ ತಲುಪುವವರೆಗೂ ಡಬ್ಬಿ ಅಪ್ಪನ ತೊಡೆಯ ಮೇಲೆಯೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ತಂಗಿ ಗೋಡೆಗೆ ಒರಗಿ ಕಾಲು ನೀಡಿ ಕೂತಿದ್ದಳು. ಅವ್ವ ಬಾಗಿಲಿಗೆ ಬಂದು ಡಬ್ಬಿಯೊಳಗೆ ಬಗ್ಗಿ ನೋಡಿದಳು.

"ಯಾವ ಮೀನ್ರಿ?"

ಅಪ್ಪ ಟವೆಲ್ಲಿನಿಂದ ಕತ್ತು ಒರೆಸಿಕೊಂಡ. "ಗೆಂಡೆ" ಎಂದ. ಅವ್ವ ಹಾಗೇ ನೋಡುತ್ತಿದ್ದುದರಿಂದ "ಸಮುದ್ರದ ಗೆಂಡೆ" ಎಂದು ಸೇರಿಸಿದ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವನು ನಮ್ಮ ಅಪ್ಪ. ಅವ್ವ ಮೀನಿನ ಮೈ ಸವರಿದಳು. "ಹುರುಪೆ ಇಲ್ದಿದ್ ಗೆಂಡೇನ? ಹಲ್ಲು ನೋಡ್ರಿ, ನನಗಿಂತ ಚೆನ್ನಾಗವೆ." ತಂಗಿ ನಕ್ಕಳು. ಅಪ್ಪ ನಗಲಿಲ್ಲ. ಆಗ ಅವ್ವ ನನ್ನ ಕಡೆ ತಿರುಗಿ, "ನೀನು ಓದಿದೋನು, ನೀನಾರ ಹೇಳಪ್ಪ. ಹುಡುಗಿಗೆ ಕೊಡಬೌದ?" ಎಂದಳು.

ದೋಣಿಯವನ ಮಾತು ನನ್ನ ನಾಲಗೆಯ ತುದಿಯಲ್ಲೇ ಇತ್ತು. ಹೇಳಿದರೆ ಅಪ್ಪನ ಮಾನ ಹೋಗುತ್ತದೆ ಎಂದುಕೊಂಡೆ. ಅದು ಪೂರ್ತಿ ನಿಜವಲ್ಲ. ವಿಜ್ಞಾನದ ಮೇಷ್ಟ್ರಿಗೆ ಒಂದು ಮೀನು ಗೊತ್ತಿಲ್ಲ ಎನ್ನಲು ನನಗೂ ನಾಚಿಕೆ. ಥೂ, ಎಂಥ ನಾಚಿಕೆ ಅದು! "ಗೆಂಡೆಯಲ್ಲಿ ಬೇರೆ ಬೇರೆ ಜಾತಿ ಇರುತ್ತವೆ ಅವ್ವ. ಇರಬಹುದು. ಕೊಡು" ಎಂದೆ.

ಅವ್ವ ಮತ್ತೆ ಕೇಳಲಿಲ್ಲ. ಒಳಗೆ ಹೋಗಿ ಈಳಿಗೆಮಣೆ ತಂದು ಹಾಕಿಕೊಂಡು ಕೂತಳು.

ಮೀನು ಅಲಗಿಗೆ ತಾಗುವುದರೊಳಗೆ ಅಪ್ಪ ಅದನ್ನು ಅವಳ ಕೈಯಿಂದ ಕಿತ್ತುಕೊಂಡ. "ನನಗೆ ಗೊತ್ತಿಲ್ಲ ಕಣೇ" ಎಂದ. "ಇವನಿಗೂ ಗೊತ್ತಿಲ್ಲ." ಅಪ್ಪನ ಬಾಯಲ್ಲಿ ಆ ಮಾತನ್ನು ನಾವು ಕೇಳಿದ್ದು ಅದೇ ಮೊದಲು. ಹಿತ್ತಲಿಗೆ ಹೋಗಿ, ನಾಯಿ ಕೆದಕದಷ್ಟು ಆಳ ತೋಡಿ ಹೂತುಬಂದ. ಆ ರಾತ್ರಿ ಮುದ್ದೆಗೆ ಹುಣಸೆಹಣ್ಣಿನ ಸಾರು.

ರಜೆ ಮುಗಿದು ಶಾಲೆಗೆ ಹೋದಾಗ ಕುಮಟಾದ ಮೇಷ್ಟ್ರು ಮೊದಲು ಕೇಳಿದ್ದೇ ಅದನ್ನು. "ನಿಮ್ಮ ತಂದೆಯವರು ಆ ಮೀನು ಬಿಸಾಡಿದರು ತಾನೆ? ಅಣ್ಣ ಆಮೇಲೆ ಹೆದರಿಕೊಂಡಿದ್ದ. ಅದು ವಿಷ ಮಾರಾಯ್ರೆ, ಅದರ ತತ್ತಿಯಂತೂ ಬೇಡವೇ ಬೇಡ." ಬಿಸಾಡಿದರು ಎಂದೆ. ಆಮೇಲೆ ಪಾಠ ಮಾಡಲಾಗದೆ ಮಕ್ಕಳಿಗೆ ಏನೋ ಬರೆಯಲು ಕೊಟ್ಟು ಕುರ್ಚಿಯಲ್ಲಿ ಕೂತುಬಿಟ್ಟೆ.

ಶನಿವಾರ ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಬಲೆ ಹೆಣೆಯುತ್ತಿದ್ದವನು ತಲೆ ಎತ್ತಲಿಲ್ಲ. ಒಳಗೆ ತಂಗಿ ಅವ್ವನ ಹತ್ತಿರ ತಲೆ ಬಾಚಿಸಿಕೊಳ್ಳುತ್ತ ಏನಕ್ಕೋ ಜಗಳವಾಡುತ್ತಿದ್ದಳು. ಅಪ್ಪ ಸ್ವಲ್ಪ ಹೊತ್ತು ಅದನ್ನು ಕೇಳುತ್ತಿದ್ದ.

"ನಾನು ಸುಳ್ಳು ಹೇಳಿದ್ದು ನಿಮ್ಮವ್ವಂಗೆ ಆಗಲೇ ಗೊತ್ತಾಗಿತ್ತು" ಎಂದ. "ಆಕೆ ಈಳಿಗೆಮಣೆ ತಂದಿದ್ದು ನೀನು ಹೇಳಿದ ಮ್ಯಾಲೆ."