ಮೊದಲ ನೋಟದ ಎದುರು ಸೊಣ್ಣಪ್ಪ

ಇವತ್ತಾದರೂ ಹೇಳಿಬಿಡಲೇ? ಹೇಳಿದರೆ ಆಚಾರ್ರು ಮತ್ತೆ ಹೊಸಿಲು ದಾಟಲು ಬಿಡುತ್ತಾರೆಯೇ? ಹೇಳದಿದ್ದರೆ ಇವತ್ತು ಅವರಿಗೆ ಏನಾದೀತು?

ಮಾಲೂರಿನಿಂದ ಶಿವಾರಪಟ್ಟಣಕ್ಕೆ ಹೊರಟ ಮೊದಲ ಬಸ್ಸಿನಲ್ಲಿ ಸೊಣ್ಣಪ್ಪ ಹೀಗೆ ತಮ್ಮನ್ನೇ ಕೇಳಿಕೊಳ್ಳುತ್ತ ಕೂತಿದ್ದಾರೆ. ತೊಡೆಯ ಮೇಲಿನ ಚೀಲದಲ್ಲಿ ಅಂಗೈಯಗಲದ ಡಿಜಿಟಲ್ ಕ್ಯಾಮೆರಾ. ಪಕ್ಕದ ಸೀಟಿನಲ್ಲಿ, ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು. ಕಿಟಕಿಯಾಚೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ.

ಉಳಿಯ ಸದ್ದಿನಿಂದಲೇ ಬೆಳಗಾಗುವ ಊರು ಶಿವಾರಪಟ್ಟಣ. ಇವತ್ತು ಶಿಲ್ಪಿ ಚನ್ನರಾಯಾಚಾರಿಯವರ ಚಪ್ಪರದ ಕೆಳಗೆ ಮಾತ್ರ ಸದ್ದಿಲ್ಲ. ಆಳೆತ್ತರದ ಕರಿಕಲ್ಲಿನ ವಿಷ್ಣು ನಿಂತಿದ್ದಾನೆ. ಕೈ, ಕಿರೀಟ, ನಗೆ ಎಲ್ಲ ಮುಗಿದಿದೆ. ಕಣ್ಣಿನ ಗೆರೆ ಬಾಕಿ. ಅದನ್ನು ಬಿಡಿಸುವಾಗ ಮೂರ್ತಿಯ ಎದುರು ಯಾರೂ ನಿಲ್ಲಬಾರದೆಂಬುದು ಈ ಮನೆಯ ಕಟ್ಟಳೆ. ತೆರೆದ ಕಣ್ಣಿನ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು. ಅದನ್ನು ಕನ್ನಡಿಯಲ್ಲಿ ಹಿಡಿಯಬೇಕು. ಆಮೇಲೂ ಗುಡಿ ಸೇರುವವರೆಗೆ ಆ ಕಣ್ಣಿನ ನೇರಕ್ಕೆ ಯಾರೂ ಬರಬಾರದು; ಅದಕ್ಕೇ ಕಣ್ಣಿಗೆ ಬಟ್ಟೆ ಕಟ್ಟಿದರೆ, ಅದನ್ನು ಬಿಚ್ಚುವುದು ಗುಡಿಯಲ್ಲೇ.

ಕನ್ನಡಿ ತೆಗೆದು ಬಟ್ಟೆ ಕಟ್ಟುವುದರ ನಡುವಿನ ಸ್ವಲ್ಪ ಹೊತ್ತು ಸೊಣ್ಣಪ್ಪನವರದು. ಮೂರ್ತಿ ಮಾಡಿಸುವ ದೂರದೂರಿನ ಗುಡಿಯವರು ಕಣ್ಣು ನೋಡದೆ ಒಪ್ಪುವುದಿಲ್ಲ. ಅವರಿಗೆ ಕಳಿಸುವ ಫೋಟೋಗಾಗಿ ಒಬ್ಬರು ದೇವರ ಎದುರು ನಿಲ್ಲಲೇಬೇಕು.

ಸೊಣ್ಣಪ್ಪ ಮುಳಬಾಗಿಲು ತಾಲ್ಲೂಕಿನ ತಾಯಲೂರಿನ ರೈತರ ಮನೆಯವರು. ರಾಗಿ ಹೊಲ ಅಣ್ಣಂದಿರಿಗೆ ಬಿಟ್ಟು, ಮಾಲೂರು ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆಯ ಸ್ಟುಡಿಯೋ ಇಟ್ಟವರು. ಮದುವೆ, ನಾಮಕರಣ, ಅರ್ಜಿಗೆ ಅಂಟಿಸುವ ಫೋಟೋ ಅವರ ಹೊಟ್ಟೆಪಾಡು. ಶಿವಾರಪಟ್ಟಣದ ಕೆಲಸ ಸಿಕ್ಕಿದ್ದು 1993ರಲ್ಲಿ, ಬೇರೆ ಫೋಟೋಗ್ರಾಫರುಗಳು ಹೆದರಿ ಹಿಂದೆ ಸರಿದಿದ್ದರಿಂದ.

“ನನಗೇನ್ ಹೆದರಿಕೆ ಇರ್ಲಿಲ್ವಾ ಸಾರ್? ಆಮೇಲೆ ಒಂದು ಹೊಳೀತು. ಕ್ಯಾಮೆರಾದ ಲೆನ್ಸ್ ಬಿಚ್ಚಿ ಆಚಾರ್ರಿಗೆ ಒಳಗಡೆ ತೋರಿಸ್ದೆ. ‘ನೋಡಿ, ಇಲ್ಲೇ ಕನ್ನಡಿ ಐತೆ, ನಾನ್ ನೋಡೋದು ಇದರಲ್ಲಿ’ ಅಂದೆ. ಬಟನ್ ಒತ್ತಿದಾಗ ಆ ಕನ್ನಡಿ ಮೇಲಕ್ಕೆ ಎದ್ದೇಳ್ತದೆ, ನನಗೆ ಬರೀ ಕತ್ತಲೆ. ಆವಾಗ ರೀಲು ನೋಡ್ತದೆ, ನಾನ್ ನೋಡಲ್ಲ.”

ಆಚಾರಿಯವರು ಆ ಪುಟ್ಟ ಕನ್ನಡಿಗೆ ಕೈಮುಗಿದರಂತೆ. ಹದಿಮೂರು ವರ್ಷ ಅದೇ ಕ್ಯಾಮೆರಾ ನಡೆಯಿತು. ಈಗ ಗುಡಿಯವರಿಗೆ ಫೋಟೋ ಸಂಜೆಯೊಳಗೆ ಇ-ಮೇಲಿನಲ್ಲಿ ಬೇಕು. ಕೋಲಾರದ ಲ್ಯಾಬಿನವರು ಒಂದಷ್ಟು ರೀಲು ಸೇರುವವರೆಗೆ ತೊಳೆಯುವುದೇ ಇಲ್ಲ. ಹೋದ ವರ್ಷ ಸೊಣ್ಣಪ್ಪ ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕ್ಯಾಮೆರಾ ಕೊಂಡರು. ಅದರ ಬೆನ್ನಿನ ಪರದೆಯಲ್ಲಿ ಎಲ್ಲ ಕಾಣುತ್ತದೆ. ಬಟನ್ ಒತ್ತುವಾಗ ಕತ್ತಲೆಯಾಗುವುದಿಲ್ಲ.

“ಕನ್ನಡಿ ಇರೋ ಡಿಜಿಟಲ್ಲೂ ಬಂದೈತೆ. ಬೆಂಗಳೂರಲ್ಲಿ ಅಂಗಡಿ ಗಾಜಿನ ಹೊರಗೆ ನಿಂತು ನೋಡ್ಕೊಂಡು ಬಂದೆ. ಒಳಕ್ಕೋಗಿ ರೇಟ್ ಕೇಳಕ್ಕೆ ಧೈರ್ಯ ಆಗ್ಲಿಲ್ಲ.”

ಪರದೆ ಇನ್ನೊಂದು ಗಂಡಾಂತರವನ್ನೂ ತಂದಿದೆ. ರೀಲಿನ ಕಾಲದಲ್ಲಿ ನೋಡಲು ಏನೂ ಇರುತ್ತಿರಲಿಲ್ಲವಾದ್ದರಿಂದ ಆಚಾರಿಯವರು ಪಕ್ಕದಲ್ಲೇ ಉಳಿಯುತ್ತಿದ್ದರು. ಈಗ ತಮ್ಮ ಕೆಲಸ ಪರದೆಯಲ್ಲಿ ಹೇಗೆ ಕಾಣುತ್ತದೆಂದು ನೋಡಲು ಸೊಣ್ಣಪ್ಪನವರ ಹೆಗಲ ಹಿಂದೆ, ದೇವರಿಗೆ ನೇರ ಎದುರಾಗಿ ಬಂದು ನಿಲ್ಲುತ್ತಾರೆ. ಕಳೆದ ತಿಂಗಳು ಹಾಗೆ ನಿಂತ ಮಾರನೆಯ ದಿನ ಕಲ್ಲಿನ ಚಕ್ಕೆಯೊಂದು ಸಿಡಿದು ಅವರ ಹುಬ್ಬು ಸೀಳಿತು. ಸ್ವಲ್ಪ ಕೆಳಗಾಗಿದ್ದರೆ ಕಣ್ಣೇ ಹೋಗುತ್ತಿತ್ತು.

ಕಲ್ಲು ಕೆತ್ತುವವರಿಗೆ ಚಕ್ಕೆ ಸಿಡಿಯುವುದು ಹೊಸದೇನಲ್ಲ. ಆದರೂ ಸೊಣ್ಣಪ್ಪನವರಿಗೆ ಅಂದಿನಿಂದ ಸರಿಯಾಗಿ ನಿದ್ದೆಯಿಲ್ಲ. ಹೆಂಡತಿ ವೆಂಕಟರತ್ನಮ್ಮ ರೇಗಿಸುತ್ತಾರೆ: “ಏಮಯ್ಯಾ, ದಿನಾ ಟೀವೀಲಿ ದೇವರ್ನ ನೋಡ್ತೀಯ, ಆವಾಗ ಇಲ್ದಿರೋ ಹೆದರಿಕೆ ಈಗೇನು? ದೇವರ ಕಣ್ಣಿಗೆ ಹೆದರಿದಂಗೆ ನನ್ನ ಕಣ್ಣಿಗೂ ಒಂಚೂರು ಹೆದರಿದ್ದಿದ್ರೆ ಸಂಸಾರ ಚೆನ್ನಾಗಿರ್ತಿತ್ತು!”

ಚಪ್ಪರದ ಕೆಳಗೆ ಆಚಾರಿಯವರು ಕಣ್ಣಿನ ಗೆರೆ ಮುಗಿಸಿ ಉಳಿ ಕೆಳಗಿಡುತ್ತಾರೆ. ಹುಬ್ಬಿನ ಗಾಯ ಇನ್ನೂ ಕೆಂಪಗಿದೆ. ಕನ್ನಡಿ ಹಿಡಿದು, ಮಂತ್ರ ಹೇಳಿ, ಪಕ್ಕಕ್ಕಿಡುತ್ತಾರೆ.

“ಏನ್ಲಾ ಸೊಣ್ಣಪ್ಪ, ಸಾವಿನ ಮನೆ ಫೋಟೋಗೆ ಬಂದೋನ್ ತರ ನಿಂತಿದೀಯಲ್ಲೋ! ಬಾ ಬಾ.” ಆಮೇಲೆ ಏನೋ ನೆನಪಾದಂತೆ ಕೇಳುತ್ತಾರೆ: “ಇಷ್ಟು ಚಿಕ್ಕದ್ರಲ್ಲೂ ಕನ್ನಡಿ ಕೂರಿಸವ್ರೇನೋ?”

ಸೊಣ್ಣಪ್ಪ ಬ್ಯಾಟರಿಯ ಮುಚ್ಚಳ ತೆಗೆದು ಮತ್ತೆ ಹಾಕುತ್ತಾರೆ. ಎಲ್ಲೋ ಹಿತ್ತಿಲಲ್ಲಿ ಕೋಳಿ ಕೆದಕುವ ಸದ್ದು.

“ರೆಡಿ, ಆಚಾರ್ರೇ” ಅನ್ನುತ್ತಾರೆ.

ಆಚಾರಿಯವರು ಅದನ್ನೇ ಉತ್ತರವೆಂದುಕೊಂಡು ಹಿಂದೆ ಬಂದು ನಿಲ್ಲುತ್ತಾರೆ. ಸೊಣ್ಣಪ್ಪ ಮೈ ಅಗಲ ಮಾಡಿ ಅವರನ್ನು ಮರೆಮಾಡಲು ನೋಡುತ್ತಾರೆ. ಆಚಾರಿಯವರು ಇವರಿಗಿಂತ ಗೇಣುದ್ದ ಎತ್ತರ. ಪರದೆಯಲ್ಲಿ ಕಲ್ಲಿನ ಕಣ್ಣು ಅಲುಗಾಡದೆ ಇಬ್ಬರನ್ನೂ ನೋಡುತ್ತದೆ.

“ಆಹಾ,” ಅನ್ನುತ್ತಾರೆ ಆಚಾರಿಯವರು, ಮಗುವಿನಂತೆ.

ಆಮೇಲೆ ಹೊರಗಿನ ಚಹಾದಂಗಡಿಯಲ್ಲಿ ಸೊಣ್ಣಪ್ಪ ಲೋಟ ಹಿಡಿದು ಕೂರುತ್ತಾರೆ. ಚಹಾಕ್ಕೆ ಕೆನೆ ಕಟ್ಟಿದರೂ ಕುಡಿಯುವುದಿಲ್ಲ. ಲೋಟ ಪಕ್ಕಕ್ಕಿಟ್ಟು ನನ್ನತ್ತ ತಿರುಗುತ್ತಾರೆ.

“ನನಗೇನಾದ್ರೂ ಆಗ್ಲಿ, ಅದು ನನ್ನ ಕಸುಬು. ಅವರು ನನ್ನ ನಂಬಿ ಎದುರಿಗೆ ಬರ್ತಾರಲ್ಲ, ಅದೇ ಸಾರ್ ಸಂಕಟ. ಮುಖ ನೋಡಿದ್ರೆ ಮಾತು ಬರಲ್ಲ. ಆಚಾರ್ರು ಭಾನುವಾರದ ಪೇಪರ್ ಒಂದಕ್ಷರ ಬಿಡದಂಗೆ ಓದ್ತಾರೆ. ನೀವೇ ಬರ್ದುಬಿಡಿ. ಓದಿ, ಇನ್ನ ಬರಬೇಡ ಕಣೋ ಅಂದ್ರೆ ಬರಲ್ಲ. ಅವರು ಪಕ್ಕಕ್ಕೆ ನಿಂತ್ಕೊಂಡ್ರೆ ಸಾಕು.”

ಹೊಸ ಕ್ಯಾಮೆರಾದೊಳಗೆ ಕನ್ನಡಿ ಇಲ್ಲ. ಇದೊಂದು ಮಾತನ್ನು ಸೊಣ್ಣಪ್ಪ ಚನ್ನರಾಯಾಚಾರಿಯವರಿಗೆ ಹೇಳಿಲ್ಲ.