ನಿರ್ಜಲ ಸೋಮವಾರ

ಪಿಎಚ್‌ಡಿ ಮುಗಿದ ಮೇಲೂ ಮುಗಿಯದ ವಿದ್ಯಾರ್ಥಿದೆಸೆಗೆ ಪೋಸ್ಟ್‌ಡಾಕ್ ಎಂದು ಹೆಸರು. ನಲವತ್ತು ಹತ್ತಿರವಾದರೂ ನಾನು ಆ ದೆಸೆಯಲ್ಲೇ ಇದ್ದೆ. ನೀರಿನಲ್ಲಿರುವ ಫ್ಲೋರೈಡ್ ವರ್ಷ ಕಳೆದಂತೆ ಎಲುಬಿನಲ್ಲಿ ಎಷ್ಟು ಸೇರುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಹುದ್ದೆ ಇನ್ನೊಂದು ವರ್ಷ ಮುಂದುವರಿಯಬೇಕಾದರೆ ಹತ್ತು ಮನೆಗಳಲ್ಲಿ ಇಡೀ ದಿನ ಕೂತು, ಯಾರು ಎಷ್ಟು ನೀರು ಕುಡಿದರೆಂದು ಕಣ್ಣಾರೆ ಕಂಡು ಬರೆದು ತರಬೇಕೆಂದು ಪ್ರೊಫೆಸರರ ಅಪ್ಪಣೆಯಾಗಿತ್ತು. ನಾನು ಬೆಟಗೇರಿಯವನಾದ್ದರಿಂದ ಅದೇ ಜಿಲ್ಲೆಯ ಮುಂಡರಗಿ ಕಡೆಯ ಒಂದು ಹಳ್ಳಿ ನನ್ನ ಪಾಲಿಗೆ ಬಂತು.

ಕೊಟ್ಟ ನೀರು ಕುಡಿಯುತ್ತ ಒಂಬತ್ತು ಮನೆ ನಿರ್ವಿಘ್ನವಾಗಿ ಮುಗಿಸಿದೆ. ಅಲ್ಲಿಯ ನೀರು ಕೆಟ್ಟದ್ದೆಂದು ಊರಿಗೆಲ್ಲ ಗೊತ್ತು. ಎಷ್ಟು ಕೆಟ್ಟದ್ದೆಂಬ ವರದಿ ಹತ್ತನೆಯ ಮನೆಯ ಹಿಂದಿನ ದಿನವಷ್ಟೇ ನನ್ನ ಕೈ ಸೇರಿತು. ಓದಿದ ಕೂಡಲೇ ನನ್ನ ಮೊಣಕಾಲು ನೋಯತೊಡಗಿತು. ಒಂದು ತಂಬಿಗೆ ನೀರಿನಿಂದ ಏನೂ ಆಗುವುದಿಲ್ಲವೆಂದು ನನ್ನದೇ ಕಂಪ್ಯೂಟರ್ ಮಾಡೆಲ್ ಹೇಳುತ್ತಿತ್ತು. ಮಾಡೆಲ್ಲಿನ ಮೇಲೆ ನನಗೆ ಅಷ್ಟು ನಂಬಿಕೆ ಇರಲಿಲ್ಲ.

ಹತ್ತನೆಯ ಮನೆಯ ಮುದುಕಿ ತಂಬಿಗೆ ನೀರು, ಬೆಲ್ಲದ ಚೂರು ತಂದು ಮುಂದಿಟ್ಟಳು.

"ಕುಡೀರಿ ಸಾಹೇಬ್ರ, ಬಿಸಲಾಗ ಬಂದೀರಿ."

"ಇವತ್ತ ಸೋಮವಾರ ಅಲ್ಲೇನ್ರಿ ಯವ್ವಾ. ನೀರೂ ಮುಟ್ಟಂಗಿಲ್ಲ."

ನಮ್ಮ ವಂಶದಲ್ಲಿ ಯಾರೂ ಸೋಮವಾರ ಉಪವಾಸವಿದ್ದ ದಾಖಲೆಯಿಲ್ಲ.

"ಇಷ್ಟ ಓದಿದವರು ಇಷ್ಟ ನೇಮ ಹಿಡೀತಾರಂದ್ರ," ಎಂದು ಮುದುಕಿ ಡೊಂಕಾದ ಕಾಲುಗಳ ಮೇಲೆ ಓಲಾಡುತ್ತ ಹೋಗಿ ಜಮಖಾನೆ ತಂದು ಹಾಸಿದಳು. ಆ ಕಾಲು ಯಾವ ನೀರಿನಿಂದ ಡೊಂಕಾಗಿತ್ತೆಂದು ನನಗೆ ಗೊತ್ತಿತ್ತು. ಜಮಖಾನೆಯ ಮೇಲೆ ಕೂತೆ.

ಮಧ್ಯಾಹ್ನ ಸೊಸೆ ಕಳೆ ತೆಗೆದು ಹೊಲದಿಂದ ಬಂದಳು. ಬಂದವಳೇ ಕೊಡಕ್ಕೆ ಕೈ ಹಾಕಿದಳು.

"ತಂಬಿಗಿ ಇಡು," ಎಂದಳು ಮುದುಕಿ. "ಉಪಾಸ ಇದ್ದವರ ಮುಂದ ಕುಡೀತಾರೇನು?"

"ಗಂಟಲ ಒಣಗೇತಿ ಅತ್ತಿ."

"ಅವರದು ಒಣಗಿಲ್ಲೇನು?"

"ನನ್ನದೇನೂ ಅಡ್ಡಿ ಇಲ್ರಿ, ಕುಡೀರಿ," ಎಂದೆ.

"ನಿಮ್ಮ ಅಡ್ಡಿ ಇಲ್ಲಂದ್ರ ನಮ್ಮದೂ ಇಲ್ಲೇನ್ರಿ?" ಎಂದಳು ಮುದುಕಿ.

ಸೊಸೆ ಗೋಡೆಗೆ ಒರಗಿ, ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕೈಯಲ್ಲಿದ್ದ ಲೆಕ್ಕದ ವಹಿ ನೋಡಿದಳು. "ಬರ್ಕೋರಿ ಮತ್ತ, ಸಾಹೇಬ್ರ. ಸೊಸಿ, ಸೊನ್ನಿ."

ಬರೆದುಕೊಂಡೆ. ಎರಡು ಗಂಟೆಯ ಹೊತ್ತಿಗೆ ವಹಿಯಲ್ಲಿ ಸೊನ್ನೆಗಳದೇ ಸಾಲು. ಒಣಗಿದ ತುಟಿಗಳನ್ನು ನಾಲಿಗೆಯಿಂದ ಸವರಿಕೊಳ್ಳುತ್ತ ಇಬ್ಬರೂ ನನ್ನ ವ್ರತ ಕಾಯುತ್ತಿದ್ದರು. ಸುಳ್ಳು ಹೇಳಿದೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಕೊನೆಗೆ ಇವತ್ತಿಗೆ ಸಾಕೆಂದು ಎದ್ದೆ.

ಮುದುಕಿ ಹೊಸ್ತಿಲ ತನಕ ಬಂದು ಕೈಮುಗಿದಳು. "ನಮ್ಮ ಸಲುವಾಗೂ ಒಂದೀಟು ಬೇಡ್ಕೋರಿ. ನಿಮ್ಮಂಥವರ ಮಾತು ಶಿವ ಕೇಳ್ತಾನ."

ನಾನು ಕಟ್ಟೆ ಇಳಿಯುವಷ್ಟರಲ್ಲಿ ಒಳಗೆ ಕೊಡದ ಮೇಲಿನ ತಟ್ಟೆ ಸರಿದ ಸದ್ದಾಯಿತು. ತಂಬಿಗೆ ಮುಳುಗಿತು, ಮತ್ತೆ ಮುಳುಗಿತು. ನಾನು ಎಣಿಸಬೇಕಾಗಿದ್ದದ್ದು ಅದನ್ನೇ. ತಿರುಗಿ ಆ ಬಾಗಿಲಿಗೆ ಮುಖ ತೋರಿಸಲು ಧೈರ್ಯವಾಗದೆ ಬಸ್ ಹಿಡಿದೆ. ಬಸ್ಸಿನಲ್ಲೇ ಸೊನ್ನೆಗಳನ್ನು ಹೊಡೆದುಹಾಕಿ, ಒಂಬತ್ತು ಮನೆಗಳ ಸರಾಸರಿಯನ್ನು ಹತ್ತನೆಯದಕ್ಕೆ ತುಂಬಿದೆ.

ಹುದ್ದೆ ಒಂದು ವರ್ಷ ಮುಂದುವರಿಯಿತು. ಅಚ್ಚಾದ ಪ್ರಬಂಧದಲ್ಲಿ ಹತ್ತು ಮನೆಗಳನ್ನು ಖುದ್ದಾಗಿ ಗಮನಿಸಲಾಗಿದೆ ಎಂದೇ ಇದೆ. ಇನ್ನೂ ತಿದ್ದಿಲ್ಲ.